ಕೊನೆಯ ಸಾಲಿಗೆ ಹನ್ನೊಂದು ಒತ್ತು

ನಮ್ಮ ದೊಡ್ಡಪ್ಪನಿಗೆ ಸಂಗೀತ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವನ ಬದುಕಿನ ಸುಖ ದುಃಖವೆಲ್ಲ ಸಂಗೀತದ್ದೇ. ಅವನು ಹಾಡಲು ಬಾಯಿ ತೆರೆದರೆ ಮುಂದಿನ ಬೆಂಚಿನವರು ಹಿಂತಿರುಗಿ ನೋಡುತ್ತಿದ್ದರು. ಅವನನ್ನು ಗೋಡೆಯ ಹಿಂದೆ ನಿಲ್ಲಿಸಿದ್ದು ದೇವರ ಕೃಪೆ ಎಂದು ನನ್ನಮ್ಮ ನಗುತ್ತಿದ್ದಳು. ಗೋಡೆಯ ಹಿಂದೆ ಎಂದರೆ ನಮ್ಮ ಆಂಗ್ಲಿಕನ್ ಚರ್ಚಿನ ಹಳೆಯ ಆರ್ಗನ್ನಿನ ಹಿಂದೆ, ಒಬ್ಬ ಮನುಷ್ಯ ಮತ್ತು ಒಂದು ಸ್ಟೂಲಿಗೆ ಮಾತ್ರ ಜಾಗವಿದ್ದ ಕೋಣೆಯಲ್ಲಿ. ಅಲ್ಲಿ ನಿಂತು ಅವನು ಮೂವತ್ತನಾಲ್ಕು ವರ್ಷದಿಂದ ತಿದಿ ಒತ್ತುತ್ತಿದ್ದಾನೆ. ಊರಿಗೆಲ್ಲ ಅವನು ತಿದಿಯಪ್ಪ. ಅವನ ನಿಜವಾದ ಹೆಸರು ನನಗೇ ಒಮ್ಮೊಮ್ಮೆ ಮರೆಯುತ್ತದೆ.

ಆರ್ಗನ್ ಗಾಳಿಯಿಂದ ನುಡಿಯುವ ವಾದ್ಯ. ಮುಂದೆ ಕೂತವರು ಎಷ್ಟೇ ಚೆನ್ನಾಗಿ ಬೆರಳಾಡಿಸಲಿ, ಹಿಂದಿನಿಂದ ಗಾಳಿ ಬರದಿದ್ದರೆ ಅದು ಬರೀ ಮರದ ಬೀರು. ಗಾಳಿ ಕೊಡುವುದು ಮಂಚದಷ್ಟು ದೊಡ್ಡ ಚರ್ಮದ ತಿದಿ. ಅದಕ್ಕೆ ತೋಳುದ್ದದ ಮರದ ಹಿಡಿ, ಹಿಡಿಯನ್ನು ಒಮ್ಮೆ ಕೆಳಗಿಳಿಸಿದರೆ ಒಂದು ಒತ್ತು. ಹಿಡಿಯ ಪಕ್ಕದ ಗೋಡೆಯ ಮೇಲೆ ದಾರಕ್ಕೆ ಕಟ್ಟಿದ ಸೀಸದ ಗುಂಡು. ತಿದಿ ತುಂಬಿದರೆ ಗುಂಡು ಮೇಲಿನ ಗೆರೆಗೆ ಏರುತ್ತದೆ, ಗಾಳಿ ಮುಗಿಯುತ್ತ ಬಂದರೆ ಕೆಳಗಿನ ಗೆರೆಗೆ ಇಳಿಯುತ್ತದೆ. ತುಂಬಿ ಹೆಚ್ಚಾದ ಗಾಳಿ ಒಂದು ಸಣ್ಣ ಕಿಂಡಿಯಿಂದ ಬುಸ್ಸೆಂದು ಹೊರಗೆ ಹೋಗುತ್ತದೆ. ದೊಡ್ಡಪ್ಪನಿಗೆ ಗೊತ್ತಿದ್ದ ಸಂಗೀತವೆಂದರೆ ಇಷ್ಟೇ, ಆ ಗುಂಡು. ಯಾವ ಕೀರ್ತನೆಯ ಯಾವ ಸಾಲಿಗೆ ಎಷ್ಟು ಒತ್ತು ಬೇಕು ಎಂದು ಕೇಳಿದರೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದ.

ಹೊಟ್ಟೆಪಾಡಿಗೆ ಅವನು ಪುಸ್ತಕಕ್ಕೆ ರಟ್ಟು ಕಟ್ಟುವವನು. ಚರ್ಚಿನ ಬೀದಿಯ ತುದಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ದೊಡ್ಡ ಮೇಜು, ಅಂಟು ಕಾಯಿಸುವ ಗಿಂಡಿ, ಹೊಲಿಯುವ ದಬ್ಬಳ, ಭಾರ ಹೇರುವ ಕಬ್ಬಿಣದ ಒತ್ತುಗೆ. ಮೇಜಿನ ಕೆಳಗೆ ರದ್ದಿಯ ಪೆಟ್ಟಿಗೆ. ಈ ಪೆಟ್ಟಿಗೆಯ ವಿಷಯ ಹೇಳಲೇಬೇಕು. ರಟ್ಟು ಕಟ್ಟುವವರು ಕಾಗದ ಎಸೆಯುವುದಿಲ್ಲ. ಹಳೆಯ ಪುಸ್ತಕ ಬಿಚ್ಚಿದಾಗ ಉದುರುವ ಬಿಡಿಹಾಳೆಗಳಲ್ಲಿ ದಪ್ಪಗಿರುವುದನ್ನೆಲ್ಲ ಎತ್ತಿಡುತ್ತಾರೆ, ಹೊಸ ಪುಸ್ತಕದ ಬೆನ್ನಿಗೆ ಒಳಗಿನಿಂದ ಅಂಟಿಸುತ್ತಾರೆ. ಹಾಳೆಯಲ್ಲಿ ಏನು ಬರೆದಿದೆ ಎಂದು ನೋಡುತ್ತ ಕೂತರೆ ಕೆಲಸ ಸಾಗುವುದಿಲ್ಲ. ಬೆರಳಿಗೆ ದಪ್ಪ ಗೊತ್ತಾದರೆ ಸಾಕು.

ದೊಡ್ಡಮ್ಮನ ಕೈಗೆ ಅವನು ಸಿಕ್ಕಿಬಿದ್ದದ್ದೂ ಪುಸ್ತಕದಿಂದಲೇ. ಹರಿದ ಕೀರ್ತನೆ ಪುಸ್ತಕಗಳನ್ನು ತೆಗೆದುಕೊಂಡು ಹೋಗಲು ಚರ್ಚಿಗೆ ಬಂದಿದ್ದನಂತೆ. ತಿದಿ ಒತ್ತುವ ಮುದುಕ ಅಂದು ಬಂದಿರಲಿಲ್ಲ. ಆರ್ಗನ್ ಬಾರಿಸುತ್ತಿದ್ದ ದೊಡ್ಡಮ್ಮ, ಆಗಿನ್ನೂ ಮದುವೆಯಾಗದ ಪಿಯಾನೋ ಟೀಚರು, "ಸ್ವಲ್ಪ ಹೊತ್ತು ಹಿಡ್ಕೊಳ್ಳಿ" ಎಂದು ಇವನನ್ನು ಹಿಂದಕ್ಕೆ ಅಟ್ಟಿದಳು. ಇವನು ಮೈಯೆಲ್ಲ ಶಕ್ತಿ ಹಾಕಿ ಒತ್ತಿದ. ಆರ್ಗನ್ ಹಸು ಕೂಗಿದ ಹಾಗೆ ಕೂಗಿತು. ಅವಳು ಎದ್ದು ಹಿಂದೆ ಬಂದು, "ನೀವೇನು ಬಾವಿಯಿಂದ ನೀರು ಸೇದ್ತಿದ್ದೀರಾ? ಗುಂಡು ನೋಡಿ, ನನ್ನನ್ನಲ್ಲ" ಎಂದಳಂತೆ. ಮರುವರ್ಷ ಮದುವೆಯಾಯಿತು. ಮಕ್ಕಳಾಗಲಿಲ್ಲ. ಅವರ ಮುದ್ದು, ಬೈಗುಳ, ಪಿಯಾನೋ ಪಾಠ ಮೂರೂ ತಂಗಿಯ ಮಗಳಾದ ನನ್ನ ಪಾಲಿಗೆ ಬಂತು.

ಈ ಕಥೆಯ ಮೂರನೆಯವರು ಅಯ್ಯನವರು, ನಮ್ಮ ಸಭೆಯ ಪಾದ್ರಿ. ಅವರಿಗೆ ಕೀರ್ತನೆ ಬರೆಯುವ ಹುಚ್ಚು. ರೋಗಿಗಳನ್ನು ನೋಡಲು ಹೋಗುವಾಗ ದಾರಿಯಲ್ಲಿ ಬೆರಳು ಮಡಿಚುತ್ತ ಅಕ್ಷರ ಎಣಿಸುತ್ತ ನಡೆಯುವರು. ಎದುರಿಗೆ ಬಂದವರು ನಮಸ್ಕಾರ ಅಂದರೆ "ಏಳು" ಎನ್ನುವರು. ಬರೆದದ್ದನ್ನು ಚೀಟಿಯಲ್ಲಿ ತಂದು ದೊಡ್ಡಮ್ಮನಿಗೆ ಕೊಡುವರು, ಅವಳು ಅದಕ್ಕೆ ರಾಗ ಕಟ್ಟುವಳು. ಅಳತೆ ಒಂದೇ ಇದ್ದರೆ ಒಂದು ಕೀರ್ತನೆಯನ್ನು ಇನ್ನೊಂದರ ರಾಗಕ್ಕೆ ಹಾಡಬಹುದು, ಎಷ್ಟೋ ಸಭೆಗಳಲ್ಲಿ ಹಾಗೇ ಮಾಡುತ್ತಾರೆ. ಆದರೆ ಅಯ್ಯನವರು ಎರವಲು ಅಂಗಿ ಹಾಕಿಕೊಳ್ಳುವವರಲ್ಲ. ನನ್ನ ಪದಕ್ಕೆ ಟೀಚರಮ್ಮನ ರಾಗವೇ ಆಗಬೇಕು ಎಂದು ಪಟ್ಟು ಹಿಡಿಯುತ್ತಿದ್ದರು.

ಹೊಸ ಕೀರ್ತನೆ ಸಭೆಯ ಮುಂದೆ ಬರುವ ಮೊದಲು ಶನಿವಾರ ಮಧ್ಯಾಹ್ನ ಮೂವರ ಪರೀಕ್ಷೆ ನಡೆಯಬೇಕು, ಇದು ಅವರೇ ಮಾಡಿಕೊಂಡ ಕಟ್ಟಳೆ. ಅಯ್ಯನವರು ನಿಂತು ಪದ ಓದುವರು, ದೊಡ್ಡಮ್ಮ ಬಾರಿಸುವಳು, ದೊಡ್ಡಪ್ಪ ಹಿಂದೆ ಒತ್ತುವನು. ಸಾಲು ಮುಗಿಯುವ ಮೊದಲೇ ಗುಂಡು ಕೆಳಗಿನ ಗೆರೆ ಮುಟ್ಟಿದರೆ ಗೋಡೆಯ ಹಿಂದಿನಿಂದ "ಗುಂಡು ಬಿತ್ತು!" ಎಂಬ ಕೂಗು. ಹಾಗೆ ಕೂಗಿದರೆ ಆ ಸಾಲು ಉದ್ದವಾಯಿತು ಎಂದೇ ಅರ್ಥ, ಮಾತಿಲ್ಲ. ಅಯ್ಯನವರು ಹಣೆ ಚಚ್ಚಿಕೊಂಡು ಒಂದು ಪದ ಹೊಡೆದುಹಾಕುವರು. "ಬಿಷಪ್ಪರೇ ಮೆಚ್ಚಿದ ಸಾಲು ಕಣೋ ಅದು!" ಎಂದು ಒಮ್ಮೆ ಗೋಳಾಡಿದರಂತೆ. "ಬಿಷಪ್ಪರು ಬಂದು ಒತ್ತಲಿ ಅಯ್ಯನವರೇ, ಹಾಗಾದರೆ ಆ ಸಾಲು ಇರಲಿ" ಎಂದನಂತೆ ದೊಡ್ಡಪ್ಪ. ಕವಿತೆ ಗೊತ್ತಿಲ್ಲದ, ಸ್ವರ ಗೊತ್ತಿಲ್ಲದ ಮನುಷ್ಯ ಇಪ್ಪತ್ತೈದು ವರ್ಷ ಅವರಿಬ್ಬರ ತಪ್ಪು ತಿದ್ದಿದ.

ಪರೀಕ್ಷೆಯಲ್ಲಿ ಗೆದ್ದ ಹಾಳೆಯ ಮೇಲೆ ದೊಡ್ಡಮ್ಮ ಒತ್ತಿಗೊಂದರಂತೆ ಕೆಂಪು ಬಣ್ಣದ ಕಡ್ಡಿಯಲ್ಲಿ ಸಣ್ಣ ಗೀಟುಗಳನ್ನು ಹಾಕುವಳು. ಅವಳ ಹಾಳೆಯಲ್ಲಿ ದೊಡ್ಡಪ್ಪ ಓದಬಲ್ಲದ್ದು ಆ ಗೀಟುಗಳನ್ನು ಮಾತ್ರ. ಕೆಂಪು ಗೀಟಿದ್ದ ಕಾಗದವನ್ನು ಅವನು ದೇವರ ಪಟದಂತೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಗೀಟಿಲ್ಲದ ಸ್ವರದ ಹಾಳೆ ಅವನ ಪಾಲಿಗೆ ಬರೀ ದಪ್ಪ ಕಾಗದ.

ಒಂಬತ್ತು ವರ್ಷದ ಹಿಂದೆ ದೊಡ್ಡಮ್ಮನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯಿತು. ನಾಲ್ಕು ತಿಂಗಳಲ್ಲಿ ಅವಳು ಹಾಸಿಗೆಗೆ ಅಂಟಿಕೊಂಡಳು. ಸ್ವರ ಹೋಯಿತು, ಪಿಸುಮಾತಷ್ಟೇ ಉಳಿಯಿತು. ಆ ದಿನಗಳಲ್ಲಿ ಅಯ್ಯನವರು ಒಂದು ಚೀಟಿ ತಂದು ಅವಳ ದಿಂಬಿನ ಬಳಿ ಇಟ್ಟರು. ಅವರು ಬರೆದದ್ದರಲ್ಲೆಲ್ಲ ಇದು ಚಿಕ್ಕದು:

ಬಾಗಿಲಲ್ಲಿ ನಿಂತೆ, ದೇವಾ,
ಕೈಯಲೇನೂ ಇಲ್ಲ,
ಕರೆದು ಕರೆದು ಸ್ವರ ಸೋತಿತು,
ನೀನು ತೆರೆವ ತನಕ ಈ ಮೆಟ್ಟಿಲ ಮೇಲೆ ಬರಿಯ ಉಸಿರಾಗಿ ಕಾಯುವೆ.

ಹೀಗೆ ಮೂರು ಚರಣ. ಪ್ರತಿ ಚರಣದಲ್ಲೂ ಮೂರು ಸಾಲು ಗಿಡ್ಡ, ನಾಲ್ಕನೆಯದು ಉದ್ದ. "ನಿಮ್ಮ ಚಟ ಹೋಗಲಿಲ್ಲ ನೋಡಿ" ಎಂದು ದೊಡ್ಡಮ್ಮ ಪಿಸುಗುಟ್ಟಿದ್ದನ್ನು ನಾನೇ ಕೇಳಿಸಿಕೊಂಡೆ. ಆಮೇಲೆ ಹಗಲೆಲ್ಲ ಅವಳ ಬೆರಳು ಹೊದಿಕೆಯ ಮೇಲೆ ಆಡುತ್ತಿತ್ತು. ಎಚ್ಚರವಿದ್ದಾಗ ದಪ್ಪ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು, ಯಾರಿಗೂ ತೋರಿಸುತ್ತಿರಲಿಲ್ಲ. ಒಂದು ದಿನ ದೊಡ್ಡಪ್ಪನನ್ನು ಕರೆದು, "ರೀ, ಕೊನೇ ಸಾಲಿಗೆ ಎಷ್ಟು ಒತ್ತು ಹಾಕ್ತೀರಿ?" ಎಂದು ಕೇಳಿದಳು. ಅವನು ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. "ಆಮೇಲೆ ನೋಡೋಣ, ಈಗ ಮಲಕ್ಕೋ" ಎಂದುಬಿಟ್ಟ. ಆ ಮಾತನ್ನು ಅವನು ತನಗೆ ತಾನೇ ಇವತ್ತಿಗೂ ಕ್ಷಮಿಸಿಲ್ಲ.

ಎರಡು ದಿನದ ನಂತರ ಅವಳು ಅಯ್ಯನವರಿಗೆ, "ರಾಗ ಮುಗೀತು. ಹಳೇ ರಾಗದ ಪುಸ್ತಕದಲ್ಲಿಟ್ಟಿದ್ದೀನಿ. ನಾನು ಹೋದ ದಿನ ಬಾರಿಸಿ" ಎಂದಳು. ಆ ಪುಸ್ತಕ ಚರ್ಚಿನದು, ರಟ್ಟು ಕಿತ್ತುಹೋಗಿ ರಿಪೇರಿಗೆ ಬಂದದ್ದು, ಅವಳ ಮಂಚದ ಪಕ್ಕದಲ್ಲೇ ಬಿದ್ದಿತ್ತು. ಅವಳು ಈ ಮಾತು ಹೇಳುವಾಗ ದೊಡ್ಡಪ್ಪ ಔಷಧಿಗೆ ಹೋಗಿದ್ದ. ಅವಳ ಉಸಿರು ನಿಂತದ್ದು ಮರುದಿನ ಬೆಳಿಗ್ಗೆ.

ಇಷ್ಟು ದೊಡ್ಡಪ್ಪನಿಗೆ ಗೊತ್ತಿದ್ದರೆ ಮುಂದಿನದು ಆಗುತ್ತಲೇ ಇರಲಿಲ್ಲ. ದುಃಖ ಬಂದಾಗ ಕೆಲವರು ಅಳುತ್ತಾರೆ, ಕೆಲವರು ಕುಡಿಯುತ್ತಾರೆ. ನಮ್ಮ ದೊಡ್ಡಪ್ಪ ಕೆಲಸ ಮಾಡಿದ. ಹೆಣ ಒಳಕೋಣೆಯಲ್ಲಿದ್ದಾಗಲೇ ಮುಂದಿನ ಕೋಣೆಯಲ್ಲಿ ಕೂತು, ಅವಳ ಸಮಾಧಿಯ ಆರಾಧನೆಗೆ ಆ ಪುಸ್ತಕ ಹರಕಲಾಗಿ ಇರಬಾರದೆಂದು ಎಳೆದು ಬಿಚ್ಚಿ ಹೊಲಿದು ರಟ್ಟು ಹಾಕಿದ. ಉದುರಿದ ಬಿಡಿಹಾಳೆಗಳು ಪೆಟ್ಟಿಗೆಗೆ ಹೋದವು. ಆಮೇಲೆ ಅವನಿಗೆ ತಿದಿಯ ನೆನಪಾಯಿತು. ಆ ತಿಂಗಳು ತಿದಿ ಸೋರುತ್ತಿತ್ತು, ಪ್ರತಿ ಒತ್ತಿಗೂ ಗೊರಗೊರ ಎನ್ನುತ್ತಿತ್ತು. ಅವಳ ಕೊನೆಯ ಆರಾಧನೆಯಲ್ಲಿ ಅದು ಗೊರಗುಟ್ಟಬಾರದು. ಕೈಗೆ ಸಿಕ್ಕ ದಪ್ಪ ಕಾಗದ, ಅಂಟಿನ ಗಿಂಡಿ ತೆಗೆದುಕೊಂಡು ಹೋಗಿ ಒಂದು ಗಂಟೆಯಲ್ಲಿ ತೇಪೆ ಹಾಕಿ ಬಂದ.

ಅವಳ ಸಮಾಧಿಯ ದಿನ ತಿದಿ ಚೂರೂ ಗೊರಗುಟ್ಟಲಿಲ್ಲ. ಆದರೆ ಬಾರಿಸಲು ರಾಗವಿರಲಿಲ್ಲ. ಅಯ್ಯನವರು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಮಗುಚಿದರು. ನನ್ನ ಮುಖ ನೋಡಿದರು. ದೊಡ್ಡಪ್ಪನಿಗೆ ಹೇಳಿದರು. ಅವನು ಮನೆಗೆ ಓಡಿಹೋಗಿ ರದ್ದಿಯ ಪೆಟ್ಟಿಗೆಯನ್ನು ನೆಲಕ್ಕೆ ಸುರಿದ. ಸಿಗಲಿಲ್ಲ. ಕೊನೆಗೆ ಅಯ್ಯನವರ ಪದವನ್ನು ಅಳತೆ ಸರಿಹೊಂದದ ಒಂದು ಎರವಲು ರಾಗಕ್ಕೆ ತುರುಕಿ ಹಾಡಿದೆವು. ಉದ್ದದ ಸಾಲಿನಲ್ಲಿ ಸಭೆಯೆಲ್ಲ ಎಡವಿತು. ನಾನು ಬಾರಿಸುತ್ತಿದ್ದೆ, ಅದೇ ನನ್ನ ಮೊದಲ ದಿನ. ಗೋಡೆಯ ಹಿಂದಿನಿಂದ ಹಿಡಿಯ ಕಿರಕಿರ ಸದ್ದು ಮಾತ್ರ ಒಂದೇ ಸಮನಾಗಿ ಬರುತ್ತಿತ್ತು.

ಅಲ್ಲಿಂದ ದೊಡ್ಡಪ್ಪ ಹುಚ್ಚನಾದ ಎಂದು ಊರು ಹೇಳಿತು. ಅವಳು ಹೋದ ದಿನ ತನ್ನ ಕೈ ಏನೇನು ಮಾಡಿತೆಂದು ಅವನಿಗೇ ನೆನಪಿರಲಿಲ್ಲ, ಆಗ ಅಂಗಡಿಯಲ್ಲಿದ್ದ ಯಾವುದೋ ಪುಸ್ತಕದ ಬೆನ್ನಿನೊಳಗೆ ಹಾಳೆ ಸೇರಿರಬೇಕು ಎಂದು ಅವನ ಲೆಕ್ಕ. ಮನೆಮನೆಗೆ ಹೋದ. "ನಿಮ್ಮ ಪುಸ್ತಕ ಒಂದು ಸಲ ಕೊಡಿ, ಬಿಚ್ಚಿ ಹೊಸದಾಗಿ ಕಟ್ಟಿಕೊಡ್ತೀನಿ, ದುಡ್ಡು ಬೇಡ." ವಕೀಲರ ಹದಿನಾಲ್ಕು ದಪ್ಪ ಪುಸ್ತಕ, ಶಾಲೆಯ ಹಾಜರಿ ಪುಸ್ತಕ, ಡಾಕ್ಟರ ಹೆಂಡತಿಯ ಅಡುಗೆ ಪುಸ್ತಕ. ಒಂದೊಂದರ ಬೆನ್ನನ್ನೂ ಬಿಸಿನೀರಿನ ಬಟ್ಟೆ ಇಟ್ಟು ನೆನೆಸಿ ಬಿಚ್ಚಿ ನೋಡಿ, ಸಿಗದೆ ಮತ್ತೆ ಹೊಲಿದ. ಡಾಕ್ಟರ ಹೆಂಡತಿ, "ತಿದಿಯಪ್ಪ, ನನ್ನ ಪುಸ್ತಕ ಇನ್ನೊಂದು ಸಲ ಬಿಚ್ಚಿದರೆ ಸಾರಿಗೆ ಉಪ್ಪು ಎಷ್ಟು ಅನ್ನೋ ಪುಟವೇ ಹೋಗುತ್ತೆ" ಎಂದರಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮೂರು ವರ್ಷದಲ್ಲಿ ಎಲ್ಲ ಪುಸ್ತಕ ಮುಗಿಯಿತು. ಒಲೆಗೆ ಹಾಕಿಬಿಟ್ಟಿರಬೇಕು ಎಂದು ತೀರ್ಮಾನಿಸಿ ಸುಮ್ಮನಾದ. ಅವನು ಸುಮ್ಮನಾದದ್ದನ್ನು ನೋಡುವುದು ಅವನ ಹುಚ್ಚನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು. ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಿದ್ದ. "ಅವಳು ಒಂದೇ ಒಂದು ಕೇಳಿದ್ದು, ನಾನು ಸುಟ್ಟೆ" ಎನ್ನುತ್ತಿದ್ದ.

ಈಗ ಈ ವರ್ಷದ ಮಾತು. ಅಯ್ಯನವರಿಗೆ ಎಂಬತ್ತಮೂರು. ನಿವೃತ್ತರಾಗಿ ಚರ್ಚಿನ ಗೋಡೆಗೆ ಅಂಟಿದ ಒಂದು ಕೋಣೆಯಲ್ಲಿದ್ದರು. ಹೃದಯ ಸೋತಿದೆ, ವಾರವೋ ಎರಡು ವಾರವೋ ಎಂದು ಡಾಕ್ಟರು ಹೇಳಿದ್ದರು. ಅವರ ಕೀರ್ತನೆಗಳನ್ನೆಲ್ಲ ರಾಗದ ಸಮೇತ ಒಂದು ಪುಸ್ತಕ ಮಾಡುವ ಕೆಲಸವನ್ನು ಸಭೆಯ ಕಾರ್ಯದರ್ಶಿ ಹೊತ್ತಿದ್ದರು. ಅರವತ್ತೆರಡು ಕೀರ್ತನೆಗೆ ದೊಡ್ಡಮ್ಮನ ರಾಗ, ಅರವತ್ತಮೂರನೆಯದಕ್ಕೆ ಎರವಲು. ಅಯ್ಯನವರು, "ಹಾಗಾದರೆ ಅದನ್ನ ಬಿಟ್ಟುಬಿಡಿ. ಆ ರಾಗ ಇಲ್ಲದಿದ್ದರೆ ಅದು ನನ್ನ ಪದವೂ ಅಲ್ಲ" ಎಂದರು. ಮುಂದಿನ ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು.

ಅದಕ್ಕೆ ಎಂಟು ದಿನ ಮೊದಲಿನ ಭಾನುವಾರ ತಿದಿ ಮತ್ತೆ ಗೊರಗೊರ ಎಂದಿತು. ಮರುದಿನ ಬೆಳಿಗ್ಗೆ ದೊಡ್ಡಪ್ಪ ಹಲಗೆ ತೆಗೆದು ಒಳಗೆ ತೂರಿ ಹಳೆಯ ತೇಪೆಯ ಒಂದು ಮೂಲೆಯನ್ನು ಬಿಸಿನೀರಿನ ಬಟ್ಟೆಯಿಂದ ಒದ್ದೆ ಮಾಡಿದ. ನಾನು ಮುಂದೆ ಕೂತು ವಾರದ ಕೀರ್ತನೆ ಆರಿಸುತ್ತಿದ್ದೆ. ಒಳಗಿನಿಂದ ಒಂದು ಸದ್ದು ಬಂತು, ಮನುಷ್ಯರದು ಅನ್ನಿಸಲಿಲ್ಲ. ಓಡಿಹೋದೆ. ಅವನು ಮಂಡಿಯೂರಿ ಕೂತಿದ್ದ. ಒದ್ದೆಯಾದ ಕಾಗದದ ಬೆನ್ನಿನ ಮೇಲೆ ಸ್ವರ ಬರೆಯುವ ಐದು ಗೆರೆಗಳು ಮೂಡಿದ್ದವು, ಅದರ ಮೇಲೆ ಎಡಕ್ಕೆ ವಾಲಿದ ಬಾಲದ ಸ್ವರಗಳು. ಆ ಬಾಲ ಹಾಗೆ ವಾಲಿಸಿ ಬರೆಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ.

"ನಾನೇ ಅಂಟಿಸಿದ್ದು" ಎಂದ. "ನಾನೇ. ಇದೇ ಕೈಯಲ್ಲಿ."

 ದೊಡ್ಡಮ್ಮ ಎರಡಾಗಿ ಮಡಿಚಿಟ್ಟಿದ್ದ ಹಾಳೆಯನ್ನು ಅವತ್ತು ಅವನು ಹಾಗೆಯೇ ಎತ್ತಿಕೊಂಡಿದ್ದ. ಕಣ್ಣಿಗೆ ಬಿದ್ದ ಅರ್ಧದಲ್ಲಿ ಕೆಂಪು ಗೀಟಿರಲಿಲ್ಲ. ಕತ್ತರಿಯಿಂದ ನಾಲ್ಕು ಪಟ್ಟಿ ಮಾಡಿ, ಬರೆದ ಮುಖಕ್ಕೆ ಅಂಟು ಸವರಿ, ಚರ್ಮದ ನಾಲ್ಕು ಮಡಿಕೆಗಳಿಗೆ ಹಚ್ಚಿದ್ದ. ಒಂದೊಂದು ಪಟ್ಟಿಗೆ ಒಂದೊಂದು ಸಾಲು. "ಉಳಿದರ್ಧದಲ್ಲಿ ಗೀಟು ಇತ್ತೋ ಏನೋ, ಕಂಡಿರಬಹುದು. ಅವತ್ತು ಕಂಡದ್ದು ತಲೆಗೆ ಹೋಗ್ತಿರಲಿಲ್ಲ ಮಗಳೇ. ತೂತು ಮಾತ್ರ ಕಾಣ್ತಿತ್ತು" ಎಂದ.

ಆ ಕ್ಷಣವೇ ಅಯ್ಯನವರ ಕೋಣೆಗೆ ಹೋದ, ಕೈಯ ಅಂಟು ತೊಳೆಯದೆ. ನಾನು ಹಿಂದೆ. ಅವರು ಮೂರು ದಿಂಬಿಗೆ ಒರಗಿ ಕೂತಿದ್ದರು. ಇವನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, ಆಮೇಲೆ ನಕ್ಕರು.

"ಅಂದರೆ ಒಂಬತ್ತು ವರ್ಷ, ಪ್ರತಿ ಭಾನುವಾರ, ನಮ್ಮ ಹಾಡಿಗೆಲ್ಲ ಅವಳ ರಾಗದ ಮೇಲಿಂದಲೇ ಗಾಳಿ ಬಂದಿದೆ. ಎಂಥ ಮಾತು ತಿದಿಯಪ್ಪ!"

ದೊಡ್ಡಪ್ಪ ಜನ್ಮದಲ್ಲಿ ಒಮ್ಮೆ ಅಯ್ಯನವರ ಮೇಲೆ ರೇಗಿದ್ದು ಆಗಲೇ. "ಅಯ್ಯನವರೇ, ನಿಮಗೆ ಹೆಣ ಬಿದ್ದರೂ ಪದ್ಯವೇ ಕಾಣುತ್ತೆ. ನನಗೆ ಮಾತು ಬೇಡ. ನನಗೆ ರಾಗ ಬೇಕು. ಅವಳು ಏನು ಬಾರಿಸ್ತಿದ್ದಳು ಹೊದಿಕೆ ಮೇಲೆ, ಅದನ್ನ ನನ್ನ ಕಿವಿಯಲ್ಲಿ ಒಂದು ಸಲ ಕೇಳಬೇಕು. ಅಷ್ಟೇ."

ಅವರ ನಗು ನಿಂತಿತು. ಕೈ ಚಾಚಿದರು. "ಬಿಡಿಸು" ಎಂದರು. "ಶನಿವಾರ ನನ್ನನ್ನ ಎತ್ತಿಕೊಂಡು ಹೋಗಿ. ಅಲ್ಲೀವರೆಗೆ ಇರ್ತೀನಿ."

ನಾಲ್ಕು ದಿನ ಅವನು ಆ ತಿದಿಯ ಹೊಟ್ಟೆಯಲ್ಲಿ ಬದುಕಿದ. ಮೊದಲ ಪಟ್ಟಿಗೆ ಇಡೀ ಒಂದು ದಿನ ಹಿಡಿಯಿತು. ಅಂಟು ಹಳೆಯದಾದಷ್ಟೂ ಗಟ್ಟಿ. ನೀರು ಹೆಚ್ಚಾದರೆ ಪೆನ್ಸಿಲು ಚರ್ಮಕ್ಕೇ ಅಂಟಿಕೊಂಡು ಹೋಗುತ್ತದೆ, ಕಡಿಮೆಯಾದರೆ ಕಾಗದ ಸೀಳುತ್ತದೆ. ಗಿಂಡಿಯ ಹಬೆ ಹಿಡಿದು, ರಟ್ಟು ಮಡಿಚುವ ಮೂಳೆಯ ಚಪ್ಪಟೆ ಕಡ್ಡಿಯಿಂದ ಕೂದಲೆಳೆಯಷ್ಟು ಎತ್ತುತ್ತ, ನಿಲ್ಲುತ್ತ, ಮತ್ತೆ ಹಬೆ ಹಿಡಿಯುತ್ತ ಹೋದ. ಎಪ್ಪತ್ತು ವರ್ಷದ ಕೈ, ಬೇರೆ ಹೊತ್ತಿನಲ್ಲಿ ಲೋಟ ಹಿಡಿದರೂ ನಡುಗುವುದು. ಒಳಗೆ ಹೋದರೆ ನಡುಗುತ್ತಿರಲಿಲ್ಲ. ನಾನು ಊಟ ಕೊಟ್ಟರೆ ತಿನ್ನುತ್ತಿರಲಿಲ್ಲ, ಬೈದರೆ ತಿನ್ನುತ್ತಿದ್ದ. ಒಂದು ಸಲ ಕಡ್ಡಿ ಜಾರಿ ಪಟ್ಟಿಯ ಅಂಚು ಹರಿದಾಗ ಅವನು ಗೋಡೆಗೆ ತಲೆ ಚಚ್ಚಿಕೊಂಡ. ನಾನು ಹಿಡಿದುಕೊಂಡು ಅತ್ತೆ. ಇಬ್ಬರೂ ಅತ್ತೆವು.

ಮೊದಲ ಮೂರು ಪಟ್ಟಿ ಬಂದವು. ಮಸುಕಾಗಿದ್ದರೂ ಓದಬಹುದಿತ್ತು. ಶುಕ್ರವಾರ ಮಧ್ಯಾಹ್ನ ನಾಲ್ಕನೆಯದು ಬಂತು. ಅದು ತಿದಿ ಮಡಿಚುವ ಸಂದಿನಲ್ಲೇ ಇದ್ದದ್ದು. ಒಂಬತ್ತು ವರ್ಷದ ಒಂದೊಂದು ಒತ್ತಿಗೂ ಮಡಿಚಿ ಬಿಚ್ಚಿ ಉಜ್ಜಿಹೋಗಿತ್ತು. ಪೆನ್ಸಿಲಿನ ಸ್ವರ ಒಂದೂ ಇರಲಿಲ್ಲ, ಬೂದಿ ಬಳಿದ ಹಾಗೆ ಒಂದು ಮಸಿ, ಅಷ್ಟೇ. ಆದರೆ ಕೆಳಗೆ ಕೆಂಪು ಬಣ್ಣದ ಕಡ್ಡಿಯ ಮೇಣ ಕಾಗದದೊಳಕ್ಕೆ ಇಳಿದು ಹಾಗೇ ನಿಂತಿತ್ತು. ಸಣ್ಣ ಸಣ್ಣ ಗೀಟುಗಳು.

ದೊಡ್ಡಪ್ಪ ಬೆರಳಿಟ್ಟು ಎಣಿಸಿದ. "ಹನ್ನೊಂದು." ಮತ್ತೆ ಎಣಿಸಿದ. "ಇವು ನನ್ನವು. ನಾನು ಹೇಳದೆ ಇದ್ದದ್ದಕ್ಕೆ ಅವಳೇ ಲೆಕ್ಕ ಹಾಕಿದ್ದಾಳೆ. ಉಳಿದ ಸಾಲಿಗೆ ಹಾಕಿಲ್ಲ, ಅವು ಗಿಡ್ಡ, ನಾನು ಕಣ್ಮುಚ್ಚಿ ಒತ್ತುತೀನಿ ಅಂತ ಅವಳಿಗೆ ಗೊತ್ತು. ಕಷ್ಟದ ಸಾಲಿಗೆ ಮಾತ್ರ ಹಾಕಿದ್ದಾಳೆ." ಪಟ್ಟಿಯನ್ನು ನನ್ನ ಮುಂದೆ ಹಿಡಿದ. ಅವನ ಕಣ್ಣಿಗೆ ಸ್ವರವೂ ಒಂದೇ, ಮಸಿಯೂ ಒಂದೇ. "ಓದೋಕಾಗುತ್ತಾ ಮಗಳೇ?"

ಆ ಮುಖ ನೋಡಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ. "ಆಗುತ್ತೆ" ಎಂದೆ.

ಮನೆಗೆ ಬಂದು ಪಿಯಾನೋ ಮುಂದೆ ಕೂತೆ. ಮೂರು ಸಾಲು ಬಾರಿಸಿ ನೋಡಿದೆ. ದೊಡ್ಡಮ್ಮ ನನಗೆ ಹನ್ನೆರಡು ವರ್ಷ ಪಾಠ ಹೇಳಿದವಳು. ಅವಳು ಸಾಲನ್ನು ಹೇಗೆ ಏರಿಸುತ್ತಾಳೆ, ಹೇಗೆ ಮನೆಗೆ ತರುತ್ತಾಳೆ ಎಲ್ಲ ನನಗೆ ಗೊತ್ತು ಎಂದುಕೊಂಡೆ. ಸಂಜೆಯೊಳಗೆ ನಾಲ್ಕನೆಯ ಸಾಲು ಕಟ್ಟಿದೆ. ಚೆನ್ನಾಗಿಯೇ ಇತ್ತು. ನಿಜ ಹೇಳಿದರೆ, ಅಳುವಿನ ನಡುವೆ ನನಗೆ ಸ್ವಲ್ಪ ಜಂಬವೂ ಬಂದಿತ್ತು. ಸಾಯುತ್ತಿರುವ ಒಬ್ಬರು, ಬದುಕಿ ಸತ್ತಂತಿರುವ ಒಬ್ಬ, ಇಬ್ಬರಿಗೂ ಒಂದೇ ಸಾಲಿನಲ್ಲಿ ಸಮಾಧಾನ ಕೊಡುತ್ತೇನಲ್ಲ ಎಂದು.

ಶನಿವಾರ ಮಧ್ಯಾಹ್ನ ಅಯ್ಯನವರನ್ನು ಕುರ್ಚಿಯ ಸಮೇತ ಎತ್ತಿ ತಂದು ಆರ್ಗನ್ನಿನ ಪಕ್ಕದಲ್ಲಿ ಇಳಿಸಿದರು. ಕಾರ್ಯದರ್ಶಿ ಕಾಗದ ಪೆನ್ನು ಹಿಡಿದು ನಿಂತಿದ್ದರು. ದೊಡ್ಡಪ್ಪ ಹೊಸ ತೇಪೆ ಹಾಕಿ, ಮುಖ ತೊಳೆದು, ಒಗೆದ ಅಂಗಿ ತೊಟ್ಟು ಬಂದಿದ್ದ. ನಾಲ್ಕನೆಯ ಪಟ್ಟಿಯನ್ನು ಒಳಗೆ ಗುಂಡಿನ ಪಕ್ಕದಲ್ಲಿ ಗೋಡೆಗೆ ಚುಚ್ಚಿಕೊಂಡಿದ್ದ. ಬಾಗಿಲು ಎಳೆದುಕೊಳ್ಳುವ ಮೊದಲು ನನ್ನ ತಲೆ ಮುಟ್ಟಿದ.

ಅಯ್ಯನವರು ಪದ ಓದಿದರು, ಉಸಿರಿಗೆ ನಿಲ್ಲುತ್ತ ನಿಲ್ಲುತ್ತ. ನಾನು ಬಾರಿಸಿದೆ. ಮೊದಲ ಸಾಲು ಎರಡೇ ಮೆಟ್ಟಿಲು ಏರಿ ನಿಂತಿತು. ಎರಡನೆಯದು ಏರಲು ಹೋಗಿ ಬರಿಗೈಲಿ ಕೆಳಗಿಳಿಯಿತು. ಮೂರನೆಯದರಲ್ಲಿ ಒಂದೇ ಸ್ವರ ಮತ್ತೆ ಮತ್ತೆ ಬಡಿಯಿತು, ಬಡಿದು ಬಡಿದು ಸಣ್ಣದಾಯಿತು. ಎಂಥ ಹೆಂಗಸು ಅವಳು! ನೋವಿನ ಹಾಸಿಗೆಯಲ್ಲಿ ಮಲಗಿ ಇದನ್ನು ಕೇಳಿಸಿಕೊಂಡಿದ್ದಳು. ಆಮೇಲೆ ನನ್ನ ಸಾಲು ಬಂತು. ಮೆಲ್ಲಗೆ ಏರಿ, ತಿರುಗಿ, ಸರಿಯಾಗಿ ಮನೆಗೆ ಬಂದು ಕೂತಿತು.

ಅಯ್ಯನವರ ಕೆನ್ನೆಯ ಮೇಲೆ ನೀರು ಹರಿಯಿತು. "ಅವಳೇ" ಎಂದರು. "ಅವಳೇ. ತೆರೆದಳು ನೋಡು ಬಾಗಿಲನ್ನ." ಕಾರ್ಯದರ್ಶಿಯೂ ಕಣ್ಣೊರೆಸಿಕೊಂಡರು. ನಾನು ಬಾಗಿದ ತಲೆ ಎತ್ತಲಿಲ್ಲ. ಗೋಡೆಯ ಹಿಂದಿನಿಂದ, ಎಲ್ಲ ಮುಗಿದ ಮೇಲೆ, ಹಿಡಿಯ ಕಿರಕಿರ ಇನ್ನೂ ಕೇಳಿಸುತ್ತಿತ್ತು. ಒಂದು. ಎರಡು. ಮೂರು. ಕಿಂಡಿಯಿಂದ ಗಾಳಿ ಬುಸ್ಸೆಂದಿತು. 

ಅವರನ್ನು ಎತ್ತಿಕೊಂಡು ಹೋದ ಮೇಲೆ ನಾನು ಹಿಂದೆ ಹೋದೆ. ದೊಡ್ಡಪ್ಪ ಹಿಡಿ ಬಿಟ್ಟಿರಲಿಲ್ಲ. ಗುಂಡಿನ ಕಡೆಗೇ ನೋಡುತ್ತಿದ್ದ.

"ಎಂಟು ಒತ್ತಿಗೇ ಮುಗೀತು" ಎಂದ.

"ಸ್ವಲ್ಪ ಬೇಗ ಬಾರಿಸಿದೆ ದೊಡ್ಡಪ್ಪಾ."

"ಮೂರು ಸಾಲು ಅಷ್ಟು ನಿಧಾನವಾಗಿ ಬಾರಿಸಿದವಳು ನಾಲ್ಕನೇದಕ್ಕೆ ಯಾಕೆ ಓಡ್ತೀಯ?" ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕುತ್ತಿದ್ದೆ. "ಗಾಳಿ ಉಳೀತು ಮಗಳೇ. ಅವಳು ಹನ್ನೊಂದು ಅಂದರೆ ಹನ್ನೊಂದೇ. ಒಂದು ದಿನವೂ ಗಾಳಿ ಉಳಿಸಿದವಳಲ್ಲ ಅವಳು, ಕಾಲು ಒತ್ತೂ ಇಲ್ಲ. ಆ ಸ್ವರ ಅಲ್ಲಿ ಇರಲಿಲ್ಲ, ಅಲ್ವಾ?"

 ಅವನ ಕಾಲ ಬಳಿ ಸ್ಟೂಲಿನ ಮೇಲೆ ಕುಸಿದೆ. "ಅಯ್ಯನವರಿಗೆ ಹೇಳಿಬಿಡ್ತೀನಿ, ಈಗಲೇ ಹೋಗಿ" ಎಂದೆ.

"ಬೇಡ. ಅವರಿಗೆ ಸಿಕ್ಕಿದೆ. ಇಟ್ಕೊಂಡು ಹೋಗಲಿ."

"ನಿನಗೆ?"

"ನನಗೆ ಸಿಗಲಿಲ್ಲ" ಎಂದ. "ಇನ್ನು ಸಿಗೋದೂ ಇಲ್ಲ. ಅದನ್ನ ಉಜ್ಜಿ ಅಳಿಸಿದವನೂ ನಾನೇ, ಒಂದೊಂದು ಒತ್ತಿಗೆ ಇಷ್ಟಿಷ್ಟು." ಗೋಡೆಯಿಂದ ಪಟ್ಟಿ ತೆಗೆದು ಅಂಗಿಯೊಳಗೆ ಇಟ್ಟುಕೊಂಡ.

ಅಯ್ಯನವರು ಬುಧವಾರ ಬೆಳಿಗ್ಗೆ ತೀರಿಕೊಂಡರು, ಸುಖವಾಗಿ ಹೋದರು ಎಂದು ಎಲ್ಲರೂ ಹೇಳಿದರು. ಪುಸ್ತಕ ಅಚ್ಚಾಗಿ ಬಂದಿದೆ. ಅರವತ್ತಮೂರನೆಯ ಕೀರ್ತನೆಯ ಮೇಲೆ ದೊಡ್ಡಮ್ಮನ ಹೆಸರಿದೆ, ಕೆಳಗೆ ಮೂರು ಸಾಲು ಅವಳದು, ಒಂದು ಸಾಲು ನನ್ನದು. ಕಾರ್ಯದರ್ಶಿಗೆ ನಿಜ ಹೇಳಬೇಕೆಂದು ಎರಡು ಸಲ ಅವರ ಮನೆಯ ಗೇಟಿನವರೆಗೆ ಹೋಗಿ ಬಂದೆ. ನನಗೆ ಎದೆಗಾರಿಕೆ ಸಾಲಲಿಲ್ಲ.

ಜನರಿಗೆ ಆ ಕೀರ್ತನೆ ಎಂದರೆ ಪ್ರಾಣ, ತಿಂಗಳಿಗೊಮ್ಮೆಯಾದರೂ ಕೇಳುತ್ತಾರೆ. ಪ್ರತಿ ಚರಣದ ಕೊನೆಯ ಸಾಲು ಮುಗಿದ ಮೇಲೆ ಗೋಡೆಯ ಹಿಂದೆ ಮೂರು ಒತ್ತು ಹೆಚ್ಚಿಗೆ ಕೇಳಿಸುತ್ತದೆ, ಕಿಂಡಿ ಬುಸುಗುಡುತ್ತದೆ. ಪಾಪ, ತಿದಿಯಪ್ಪನಿಗೆ ವಯಸ್ಸಾಯಿತು, ಲೆಕ್ಕ ತಪ್ಪುತ್ತಿದೆ, ಕರೆಂಟಿನ ಮೋಟಾರು ಹಾಕಿಸೋಣ ಎಂದು ಕಾರ್ಯದರ್ಶಿ ಹೇಳುತ್ತಿದ್ದಾರೆ. ನಾನು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತೇನೆ. ಒಂಬತ್ತು, ಹತ್ತು, ಹನ್ನೊಂದು ಎಂದು ಎಣಿಸಿ, ಆಮೇಲೆ ಮುಂದಿನ ಚರಣ ಶುರುಮಾಡುತ್ತೇನೆ.